ಕಾಗುಣಿತ ತಪ್ಪಿದರೆ ಯಾರಿಗೆ ಸಿಟ್ಟು?



ಕಾಗುಣಿತ ತಪ್ಪು ಕಂಡರೆ ಕೆಲವರಿಗೆ ಮೈಯೆಲ್ಲ ಉರಿಯುತ್ತದೆ. ಅನ್ನದಲ್ಲಿ ಕಲ್ಲು ಸಿಕ್ಕರೂ ಅಷ್ಟು ಸಿಟ್ಟು ಬರುವುದಿಲ್ಲ. ಈ ಸಿಟ್ಟನ್ನು ಒಂದಿಷ್ಟು ಬಿಡಿಸಿ ನೋಡಬೇಕು. ಯಾಕೆಂದರೆ ಇದು ಬಂದು ಬೀಳುವುದು ಹೆಚ್ಚಾಗಿ ನಮ್ಮ ತಲೆ ಮೇಲೆಯೇ.

ನಮ್ಮ ಹುಡುಗರು ಬರೆದದ್ದರಲ್ಲಿ ಕೆಂಪು ಶಾಯಿ ಬೀಳುವ ಜಾಗಗಳು ಎಲ್ಲರಿಗೂ ಗೊತ್ತಿರುವುದೇ. ಹಕಾರ, ಮಹಾಪ್ರಾಣ, ಶ-ಷ-ಸ, ಣ-ನ, ಳ-ಲ. ಹಕ್ಕು ಅಕ್ಕು ಆಗುತ್ತದೆ. ಭೂಮಿ ಬೂಮಿ ಆಗುತ್ತದೆ. ಸಂವಿಧಾನ ಸಂವಿದಾನ ಆಗುತ್ತದೆ. ಶೋಷಣೆ ಸೋಸಣೆ ಆಗುತ್ತದೆ. ಆದರೆ ಓದಿದವರಿಗೆ ಅರ್ಥ ಆಗಲಿಲ್ಲವೇ? ಚೆನ್ನಾಗಿಯೇ ಆಗಿರುತ್ತದೆ. 'ಬೂಮಿ ಕೊಡಿ' ಎಂದವನು ಏನು ಕೇಳುತ್ತಿದ್ದಾನೆ ಅನ್ನುವುದು ಕೊಡಬೇಕಾದವನಿಗೆ ಮೊದಲು ಗೊತ್ತಾಗುತ್ತದೆ. ಭಕಾರ ಇಲ್ಲ ಅಂತ ಹಲ್ಲು ಕಿಸಿದರೆ ಭೂಮಿಯ ಮಾತು ಆಡಬೇಕಾಗಿಲ್ಲ, ನೋಡಿ. ಅದು ಅವರಿಗೆ ಅನುಕೂಲ. ಶೋಷಣೆಯನ್ನು ಸೋಸಣೆ ಎಂದು ಬರೆದರೆ ಶೋಷಣೆ ಏನು ಕಡಿಮೆಯಾಗುತ್ತದೆಯೇ?

ಅರ್ಥ ಕೆಡುವುದೇ ಇಲ್ಲ ಅಂತ ನಾವು ವಾದ ಮಾಡುವುದಿಲ್ಲ. ಆದರದ ಸ್ವಾಗತ ಹಾದರದ ಸ್ವಾಗತವಾದ ಜೋಕನ್ನು ಭಾಷಣಕಾರರು ಹೇಳಿ ಹೇಳಿ ಸವೆಸಿದ್ದಾರೆ. ಸಭೆಯೂ ಪ್ರತಿ ಸಲ ನಗುತ್ತದೆ. ಆದರೆ ಆ ತಪ್ಪು ಹುಟ್ಟುವುದು ಎಲ್ಲಿ ಅಂತ ಯಾರಾದರೂ ಕೇಳಿದ್ದಾರೆಯೇ? ಮನೆಯಲ್ಲಿ ಹಕಾರವೇ ಇಲ್ಲದ ಹುಡುಗನಿಗೆ 'ಹ ಎಲ್ಲೋ, ಹ ಎಲ್ಲೋ' ಅಂತ ಮೇಷ್ಟ್ರು ಬಯ್ದೂ ಬಯ್ದೂ, ಅವನು ಹೆದರಿ ಇಲ್ಲದ ಕಡೆಗೂ ಒಂದು ಹಕಾರ ಅಂಟಿಸುತ್ತಾನೆ. ಅದು ದಡ್ಡತನದ ತಪ್ಪಲ್ಲ, ಹೆದರಿಕೆಯ ತಪ್ಪು.

ಈ ಹಕಾರದ ಕತೆಯನ್ನೇ ತೆಗೆದುಕೊಳ್ಳಿ. 10ನೇ ಶತಮಾನದ ಪಂಪನ ಕನ್ನಡದಲ್ಲಿ ಹುಲಿ ಅಂದರೆ ಪುಲಿ, ಹಾಲು ಅಂದರೆ ಪಾಲ್, ಹಳ್ಳಿ ಅಂದರೆ ಪಳ್ಳಿ. ಆಮೇಲೆ ಜನರ ಬಾಯಲ್ಲಿ ಪಕಾರ ಸವೆದು ಹಕಾರವಾಯಿತು. ಪಂಡಿತರೂ ಕೊನೆಗೆ ಅದನ್ನೇ ಬರೆದರು. ಪಂಪ ಎದ್ದು ಬಂದು ಇವತ್ತಿನ ಪಂಡಿತರ 'ಹುಲಿ' ನೋಡಿದರೆ ಅವನಿಗೆ ಅದು ತಪ್ಪೇ. ಮೈಸೂರು, ಮಂಡ್ಯ, ಚಾಮರಾಜನಗರದ ಕಡೆ ಜನರ ನಾಲಗೆ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಹುಲಿ ಉಲಿಯಾಯಿತು, ಹಾಲು ಆಲಾಯಿತು. ಮೊದಲನೆಯ ಹೆಜ್ಜೆಗೆ ಭಾಷೆಯ ಬೆಳವಣಿಗೆ ಅಂತ ಹೆಸರು. ಎರಡನೆಯ ಹೆಜ್ಜೆಗೆ ಹಳ್ಳಿಗುಗ್ಗು ಅಂತ ಹೆಸರು. ಈ 'ಆಲು' ನಮ್ಮ ಕೇರಿಯೊಳಗೆ ಮಾತ್ರ ಇಲ್ಲ, ಊರೊಳಗಿನ ಗೌಡರ ಹಟ್ಟಿಯಲ್ಲೂ ಆಲೇ. ಆದರೆ ಗೌಡರ ಮುಂದೆ ನಿಂತು ನಗುವ ಧೈರ್ಯ ಎಷ್ಟು ಜನಕ್ಕಿದೆ?

ಹಳಗನ್ನಡದಲ್ಲಿ ೞ ಮತ್ತು ಱ ಎಂಬ ಎರಡು ಅಕ್ಷರಗಳಿದ್ದವು. ಏಳು ಎಂಬ ಸಂಖ್ಯೆಯನ್ನು ಏೞು ಎಂದೂ, ಆರನ್ನು ಆಱು ಎಂದೂ ಬರೆಯುತ್ತಿದ್ದರು. ಆ ಅಕ್ಷರಗಳು ಬರವಣಿಗೆಯಿಂದಲೇ ಮರೆಯಾದವು. ಇವತ್ತು ಅವನ್ನು ಬರೆಯಲಿಲ್ಲ ಅಂತ ಯಾವ ಮೇಷ್ಟ್ರೂ ಅಂಕ ಕಳೆಯುವುದಿಲ್ಲ. ಕಾಗುಣಿತ ದೇವರು ಬರೆದದ್ದಲ್ಲ, ಮನುಷ್ಯರು ಕೂತು ಒಪ್ಪಿಕೊಂಡದ್ದು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೇ?

ಇನ್ನು ಮಹಾಪ್ರಾಣ. ಖ ಘ ಛ ಝ ಠ ಢ ಥ ಧ ಫ ಭ, ಒಟ್ಟು 10. ಇವು ಬೇಕಾಗುವುದು ಬಹುಪಾಲು ಸಂಸ್ಕೃತದಿಂದಲೋ ಬೇರೆ ನುಡಿಗಳಿಂದಲೋ ಬಂದ ಪದಗಳಿಗೆ. ಪಕ್ಕದ ತಮಿಳರು ಈ ಅಕ್ಷರಗಳಿಲ್ಲದೆಯೇ ಸಂಗಂ ಕಾಲದಿಂದ ಇಲ್ಲಿಯವರೆಗೆ ಬರೆದುಕೊಂಡು ಬಂದಿದ್ದಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರಭಟ್ಟರು ದಿನನಿತ್ಯದ ಮಾತಿನಲ್ಲಿ ಹೆಚ್ಚಿನ ಕನ್ನಡಿಗರು ಮಹಾಪ್ರಾಣವನ್ನು ಉಚ್ಚರಿಸುವುದೇ ಇಲ್ಲ, ಹಾಗಾಗಿ ಬರಹದಿಂದಲೂ ಬಿಡಬಹುದು ಎಂದು ವಾದಿಸಿದರು. ಆ ವಾದಕ್ಕೆ ಎದ್ದ ಗದ್ದಲ ನೋಡಿದರೆ ಅಕ್ಷರದ ಮೇಲಿನ ಪ್ರೀತಿ ಎಷ್ಟು, ಅಕ್ಷರದ ಯಜಮಾನಿಕೆಯ ಮೇಲಿನ ಪ್ರೀತಿ ಎಷ್ಟು ಅಂತ ಅನುಮಾನ ಬರುತ್ತದೆ.

ಓದಿದವರು ತಪ್ಪೇ ಮಾಡುವುದಿಲ್ಲವೇ? ಪೇಟೆಯ ಬೋರ್ಡುಗಳನ್ನು, ಮದುವೆ ಕಾಗದಗಳನ್ನು ಓದಿಕೊಂಡು ಬನ್ನಿ. ಹಾರ್ದಿಕ ಅಲ್ಲಿ ಹಾರ್ಧಿಕ. ವಿದ್ಯಾರ್ಥಿ ವಿಧ್ಯಾರ್ಥಿ. ಆಶೀರ್ವಾದ ಆರ್ಶೀವಾದ. ಎಲ್ಲಕ್ಕಿಂತ ಚಂದದ್ದು 'ಉಚ್ಛ'. ಉಚ್ಚ ಎನ್ನುವ ಪದದಲ್ಲಿ ಮಹಾಪ್ರಾಣವೇ ಇಲ್ಲ. ಉಚ್ಚ ಅಂದಮೇಲೆ ಮಹಾಪ್ರಾಣ ಇರಲೇಬೇಕು ಅಂದುಕೊಂಡು ಓದಿದೋರೇ ಅದಕ್ಕೊಂದು ಬಾಲ ಹಚ್ಚಿ 'ಉಚ್ಛ ನ್ಯಾಯಾಲಯ' ಎಂದು ಬರೆಯುತ್ತಾರೆ! ಈ ತಪ್ಪುಗಳಿಗೆ ಅಚ್ಚಿನ ದೋಷ ಅಂತ ಮರ್ಯಾದೆಯ ಹೆಸರಿದೆ. ಅಂಥದೇ ತಪ್ಪು ನಮ್ಮ ಹುಡುಗನ ಕೈಯಿಂದ ಬಂದರೆ 'ಕೋಟಾದಲ್ಲಿ ಬಂದೋರು ಇನ್ನೇನ್ ಬರೀತಾರೆ' ಅನ್ನುತ್ತಾರೆ. ಅಲ್ಲಿ ತಪ್ಪಿದ್ದು ಅಕ್ಷರ, ಇಲ್ಲಿ ತಪ್ಪಿದ್ದು ಜಾತಿ! ಸಿಟ್ಟು ಬರುವುದು ತಪ್ಪಿನ ಮೇಲಲ್ಲ, ಬರೆದವನ ಮೇಲೆ. ನಾವು ಹೇಳಬೇಕಾದ ಮಾತು ಇದೇ.

ನಿಜವಾಗಿ ಹೊಟ್ಟೆಗೆ ಹೊಡೆಯುವ ಕಾಗುಣಿತ ತಪ್ಪು ಬೇರೆ ಇದೆ. ಅದು ಆಗುವುದು ಮೇಜಿನ ಆ ಕಡೆ. ಅವ್ವ ಮಗಳನ್ನು ಶಾಲೆಗೆ ಸೇರಿಸುವಾಗ ಹೆಸರು ಹೇಳಿದಳು. ದಾಖಲಾತಿ ಬರೆದವರು 'ಬಾಗ್ಯ' ಎಂದು ಬರೆದರು. ಜಾತಿ ಪ್ರಮಾಣಪತ್ರದಲ್ಲಿ ಇನ್ನೊಬ್ಬರು 'ಭಾಗ್ಯ' ಎಂದರು. ಆಧಾರ್ ಕಾರ್ಡಿನಲ್ಲಿ ಮೂರನೆಯವರು ಮೂರನೆಯ ಥರ ಹೊಡೆದರು. ಆಮೇಲೆ ವಿದ್ಯಾರ್ಥಿವೇತನದ ಕಾಲಕ್ಕೆ 'ಹೆಸರು ತಾಳೆ ಆಗ್ತಿಲ್ಲ, ಅಫಿಡವಿಟ್ ತಗೊಂಡು ಬಾ' ಅನ್ನುತ್ತಾರೆ. ತಪ್ಪು ಬರೆದವರು ಸಂಬಳ ತೆಗೆದುಕೊಂಡರು. ಛಾಪಾ ಕಾಗದದ ದುಡ್ಡು ಕಟ್ಟಿ ಕೂಲಿ ಕಳೆದುಕೊಂಡವರು ಅವ್ವ-ಅಪ್ಪ. ಈ ತಪ್ಪಿನ ಮೇಲೆ ಯಾವ ಭಾಷಾಪ್ರೇಮಿಗೂ ಮೈ ಉರಿದದ್ದನ್ನು ನಾವು ಕಾಣೆವು.

ಹಾಗಾದರೆ ಏನು ಮಾಡೋಣ? ಕಾಗುಣಿತ ಸುಟ್ಟುಹಾಕೋಣವೇ? ಬೇಡ. ನಮ್ಮಲ್ಲಿ ಕೆಲವರು 'ಇದು ಅವರ ಅಕ್ಷರ, ನಮಗ್ಯಾಕೆ' ಅನ್ನುತ್ತಾರೆ. ಈ ಮಾತು ಕೇಳಲು ಬಿಸಿಯಾಗಿದೆ, ಆದರೆ ಅದರಿಂದ ಅಡುಗೆ ಬೇಯುವುದಿಲ್ಲ. ನಾಳೆ ಪರೀಕ್ಷೆ ಬರೆಯುವವರು ನಾವು. ಅರ್ಜಿ ಹಿಡಿದು ಕಚೇರಿ ಮೆಟ್ಟಿಲು ಹತ್ತುವವರು ನಾವು. ಕೈತಪ್ಪಿದ ಮಂಜೂರಾತಿ ಜಮೀನನ್ನು 1978ರ ಕಾಯ್ದೆಯಡಿ ವಾಪಸು ಕೇಳುವ ಕಾಗದವನ್ನು ಅಪ್ಪನಿಗೆ ಬರೆದುಕೊಡಬೇಕಾದವರೂ ನಾವೇ. ನಗುವವರಿಗೆ ಒಂದು ನೆಪ ಯಾಕೆ ಕೊಡಬೇಕು? ತಲೆತಲಾಂತರದಿಂದ ಅಕ್ಷರದ ಹತ್ತಿರ ಸುಳಿಯಗೊಡದೆ ಇಟ್ಟು, ನಿನ್ನೆ ಮೊನ್ನೆ ಹಿಡಿದ ಬಳಪ ಅಲುಗಿತು ಅಂತ ನಗುವವರ ಮುಂದೆ ಆ ಬಳಪವನ್ನು ಬಿಗಿಯಾಗಿ ಹಿಡಿದು ತೋರಿಸಬೇಕು.

ಅದಕ್ಕೆ ಪ್ರತಿ ಹಾಸ್ಟೆಲ್ಲಿಗೂ ಒಂದು ನಿಘಂಟು ಬೇಕು. ವಾರ್ಡನ್ನರನ್ನು ಕೇಳಿ. ಕೊಡದಿದ್ದರೆ ಹತ್ತು ಹತ್ತು ರೂಪಾಯಿ ಹಾಕಿ ತನ್ನಿ. ಯಾವ ಅರ್ಜಿಯೂ, ಯಾವ ಕರಪತ್ರವೂ ಇಬ್ಬರು ಓದದೆ ಆಚೆ ಹೋಗಬಾರದು. ನಿಮ್ಮ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ ಪಕ್ಕ ಪಕ್ಕ ಇಟ್ಟು ಹೆಸರು ಇವತ್ತೇ ತಾಳೆ ನೋಡಿಕೊಳ್ಳಿ.

ಇನ್ನೊಂದು ಮಾತು. ಹೊಸದಾಗಿ ಬಂದ ಪಿಯುಸಿ ಹುಡುಗ 'ಅಾಸ್ಟ್ಲು' ಅಂದರೆ ನಗಬೇಡಿ. ಎರಡು ವರ್ಷ ಪೇಟೆಯಲ್ಲಿದ್ದು ಹಕಾರ ಕಲಿತ ಕೂಡಲೇ ಊರಿಗೆ ಹೋಗಿ ಅವ್ವನ ಮಾತು ತಿದ್ದಬೇಡಿ. ಅವ್ವನ ಮಾತಿನಲ್ಲಿ ತಪ್ಪಿಲ್ಲ. ದೇವನೂರ ಮಹಾದೇವರ ಕುಸುಮಬಾಲೆ ಓದಿ ನೋಡಿ. ಅದರಲ್ಲಿರುವುದು ನಂಜನಗೂಡು ಸೀಮೆಯ ನಮ್ಮ ಜನರ ಆಡುಮಾತಿನ ಕಸುವೇ. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪುಸ್ತಕದಲ್ಲಿ ಮೆಚ್ಚಿದ ಮಾತನ್ನು ಅವ್ವನ ಬಾಯಲ್ಲಿ ಹೀಯಾಳಿಸಿದರೆ ಅದು ನಮಗೇ ನಾಚಿಕೆ.

ಬರೆಯುವಾಗ ಹಕಾರ ಹಾಕೋಣ, ಮನೆಯಲ್ಲಿ ಅವ್ವನ ಹಾಗೇ ಮಾತಾಡೋಣ. ಯಾರಾದರೂ ನಮ್ಮ ಅರ್ಜಿಯಲ್ಲಿ ತಪ್ಪು ತೋರಿಸಿದರೆ ಅಲ್ಲೇ ನಿಂತು ತಿದ್ದಿಕೊಡೋಣ. ತಿದ್ದಿಕೊಟ್ಟು ಕೇಳೋಣ: 'ಅಕ್ಷರ ಸರಿಯಾಯಿತು ಸ್ವಾಮಿ, ಈಗ ನಮ್ಮ ಹಕ್ಕಿನ ಮಾತಾಡಿ.'