ಮಗು ಕೇಳಿದ ಬಟ್ಟೆ

ಬಾಂದ್ರಾದ ಹಿಲ್ ರೋಡಿನ ಬಟ್ಟೆ ಅಂಗಡಿಗಳ ಮುಂದೆ ಮಗನೊಬ್ಬ ಫ್ರಾಕಿನತ್ತ ಕೈಚಾಚಿದರೆ ಹೆತ್ತವರು ಮೊದಲು ನೋಡುವುದು ಸುತ್ತ ನಿಂತವರ ಮುಖವನ್ನು. ಮಗುವಿನ ಮುಖ ನೋಡಿ ಎಂಬುದು ನಮ್ಮ ವಿನಂತಿ.

ಜಾನಪದ ನೃತ್ಯ ಕಲಾವಿದೆ ಮಂಜಮ್ಮ ಜೋಗತಿಯವರ ಬಾಲ್ಯ ಕನ್ನಡಿಗರಿಗೆ ತಿಳಿದದ್ದೇ. ಬಳ್ಳಾರಿ ಸೀಮೆಯಲ್ಲಿ ಗಂಡುಮಗುವಾಗಿ ಹುಟ್ಟಿದ ಅವರು ಹೆಣ್ಣಿನಂತೆ ಇರಬಯಸಿದ್ದಕ್ಕೆ ಪೆಟ್ಟು ತಿಂದರು, ಮನೆ ತೊರೆದರು, ಭಿಕ್ಷೆ ಬೇಡಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಆ ಪೆಟ್ಟುಗಳು ಬೇಕಿರಲಿಲ್ಲ. ಅವನ್ನು ದಾಟಿ ಬರಲಾಗದ ಮಕ್ಕಳ ಹೆಸರು ಯಾವ ಪ್ರಶಸ್ತಿಪಟ್ಟಿಯಲ್ಲೂ ಸಿಗದು.

ಲಂಗ ಬಯಸುವ ಪ್ರತಿ ಹುಡುಗನೂ ಮುಂದೆ ತನ್ನನ್ನು ಹೆಣ್ಣೆಂದೇ ಗುರುತಿಸಿಕೊಳ್ಳುತ್ತಾನೆ ಎಂದಲ್ಲ. ಕೆಲವರಿಗೆ ಅದು ಬಣ್ಣದ, ಮಿಂಚಿನ ಆಸೆ ಅಷ್ಟೇ. ಕೆಲವರಿಗೆ ತಮ್ಮೊಳಗಿನ ಗಟ್ಟಿ ಅರಿವು. ಯಾವುದೆಂದು ಈಗಲೇ ತೀರ್ಮಾನಿಸುವ ಅವಸರ ದೊಡ್ಡವರಿಗೆ ಬೇಡ. ಪ್ಯಾಂಟು ತೊಟ್ಟ ಹುಡುಗಿಯನ್ನು ಇಂದು ಮುಂಬಯಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಯಕ್ಷಗಾನದ ಸ್ತ್ರೀವೇಷಧಾರಿ ಗಂಡಸರಿಗೆ ನಾವು ಮನಸಾರೆ ಚಪ್ಪಾಳೆ ತಟ್ಟುತ್ತೇವೆ. ಮನೆಯ ಹುಡುಗನಿಗೆ ಮಾತ್ರ ಗದರಿಕೆ ಏಕೆ?

ಲಿಂಗತ್ವ ಅಲ್ಪಸಂಖ್ಯಾತ ಮಕ್ಕಳನ್ನು ಶಾಲೆ ಹೇಗೆ ನಡೆಸಿಕೊಳ್ಳಬೇಕೆಂದು ಎನ್‌ಸಿಇಆರ್‌ಟಿ 2021ರಲ್ಲಿ ಶಿಕ್ಷಕರಿಗೆ ಕೈಪಿಡಿ ತಂದಿತ್ತು. ಆಕ್ಷೇಪ ಎದ್ದದ್ದೇ ಅದು ಜಾಲತಾಣದಿಂದ ಮರೆಯಾಯಿತು. ಹಾಗೆ ತೆಗೆದುಹಾಕಿದ್ದು ತಪ್ಪು. ಶಾಲೆಗಳು ಆ ಕೆಲಸವನ್ನು ತಾವೇ ಕೈಗೆತ್ತಿಕೊಳ್ಳಲಿ. ಹೆತ್ತವರು ಜೂನ್‌ನಲ್ಲಿ ಶಾಲೆ ತೆರೆಯುತ್ತಲೇ ತರಗತಿಯ ಶಿಕ್ಷಕರನ್ನು ಕಂಡು ಮಾತಾಡಲಿ. ಅಣಕಿಸುವ ನೆಂಟರನ್ನು ಮಗುವಿನ ಎದುರಲ್ಲೇ ತಡೆಯಲಿ.