ನಮ್ಮ ಹಲ್ಲಿನ ಸ್ಕ್ಯಾನ್ ನಮ್ಮ ಕೈಗೂ ಸಿಗಲಿ

ನಮ್ಮ ಕಾಲೇಜಿನಲ್ಲಿ ಯಾವ ಸೆಕ್ಷನ್‌ಗೆ ಹೋದರೂ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಇಬ್ಬರು ಮೂವರು ಸಿಗುತ್ತಾರೆ. ಕೆಲವರಿಗೆ ಪೇಸ್ಟ್ ತುಂಬಿದ ಟ್ರೇಯನ್ನು ಬಾಯಿಗೆ ಒತ್ತಿ ಅಳತೆ ತೆಗೆದಿದ್ದಾರೆ. ಇನ್ನು ಕೆಲವರಿಗೆ ಸಣ್ಣ ಕ್ಯಾಮೆರಾ ಇರುವ ಕಡ್ಡಿಯಂಥ ಸಾಧನವನ್ನು ಬಾಯೊಳಗೆ ಆಡಿಸಿ, ಕೆಲವೇ ನಿಮಿಷಗಳಲ್ಲಿ ಹಲ್ಲುಗಳ ಪೂರ್ತಿ ರೂಪವನ್ನು ಕಂಪ್ಯೂಟರ್‌ನಲ್ಲಿ ತೋರಿಸಿದ್ದಾರೆ. ಈ ಡಿಜಿಟಲ್ ಸ್ಕ್ಯಾನ್ ಬಂದದ್ದು ಒಳ್ಳೆಯದೇ. ನನ್ನ ತಕರಾರು ಒಂದೇ: ಅದರ ಪ್ರತಿಯನ್ನು ನಮಗೆ ಯಾರೂ ಕೊಡುವುದಿಲ್ಲ, ನಾವೂ ಕೇಳುವುದಿಲ್ಲ.

ಹಳೆಯ ಪೇಸ್ಟಿನ ಹೆಸರು ಆಲ್ಜಿನೇಟ್, ಸಮುದ್ರದ ಪಾಚಿಯಿಂದ ಬರುವ ವಸ್ತು. ನೀರಿನಂಶ ಹೋದಂತೆ ಅದು ಕುಗ್ಗುತ್ತದೆ, ಹಾಗಾಗಿ ಬೇಗನೆ ಪ್ಲಾಸ್ಟರ್ ಸುರಿದು ಅಚ್ಚು ಮಾಡಬೇಕು. ಟ್ರೇ ಒತ್ತಿದಾಗ ವಾಕರಿಕೆ ಬಂದವರಿಗೆ ಅದರ ಕಷ್ಟ ಗೊತ್ತು. ಸ್ಕ್ಯಾನರ್ ಬೆಳಕು ಹಾಯಿಸಿ ಸಾಲುಸಾಲಾಗಿ ಚಿತ್ರ ತೆಗೆಯುತ್ತದೆ, ಸಾಫ್ಟ್‌ವೇರ್ ಅವನ್ನು ಜೋಡಿಸುತ್ತದೆ. ಪ್ಲಾಸ್ಟರ್ ಅಚ್ಚು ಬಿದ್ದರೆ ಒಡೆಯುತ್ತದೆ, ಫೈಲ್‌ಗೆ ಆ ಭಯವಿಲ್ಲ. ಸಾಮಾನ್ಯವಾಗಿ ಎಸ್‌ಟಿಎಲ್ ಎಂಬ ಮಾದರಿಯಲ್ಲಿ ಇರುವ ಈ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಕೊಡುವುದು ದೊಡ್ಡ ಕೆಲಸವೇನಲ್ಲ.

ನನ್ನ ಖಾಲಾ ಮಗಳಿಗೆ ಕ್ಲಿಪ್ ಹಾಕಿಸಿ ಹತ್ತು ತಿಂಗಳಾಗಿತ್ತು. ಖಾಲೂಗೆ ವರ್ಗವಾಗಿ ಮನೆಯವರೆಲ್ಲ ಹುಬ್ಬಳ್ಳಿಗೆ ಹೋದರು. ಅಲ್ಲಿನ ಡಾಕ್ಟರು ಮೊದಲು ಕೇಳಿದ್ದು, ಶುರುವಿನಲ್ಲಿ ಹಲ್ಲು ಹೇಗಿದ್ದವು ಎಂದು. ಹಳೆಯ ಕ್ಲಿನಿಕ್‌ಗೆ ಫೋನ್ ಮಾಡಿದರೆ, "ಅದು ನಮ್ಮ ಸಿಸ್ಟಮ್‌ನಲ್ಲಿದೆ, ಹೊರಗೆ ಕೊಡಲ್ಲ" ಅಂದರು. ಖಾಲಾ ಹತ್ತಿರ ಇದ್ದದ್ದು ಹಣ ಕಟ್ಟಿದ ರಸೀದಿ ಮಾತ್ರ. ಮತ್ತೆ ದುಡ್ಡು ಕೊಟ್ಟು ಹೊಸ ಸ್ಕ್ಯಾನ್ ಮಾಡಿಸಿದರು. ಆದರೆ ಅಷ್ಟರಲ್ಲಿ ಹಲ್ಲುಗಳು ಜರುಗಿಬಿಟ್ಟಿದ್ದವು. ಮೊದಲ ದಿನದ ಸ್ಥಿತಿಯನ್ನು ಇನ್ನು ಯಾವ ಯಂತ್ರವೂ ತೆಗೆಯಲಾರದು.

ಇದನ್ನು ಕೇಳಿ ನಮ್ಮ ಅಮ್ಮಿ, "ನಾಪ್ ಟೈಲರ್ ಪುಸ್ತಕದಲ್ಲೇ ಉಳಿದ ಹಾಗಾಯ್ತು" ಅಂದರು. ಟೈಲರ್ ಬದಲಾದರೆ ಮತ್ತೆ ಅಳತೆ ಕೊಡಬಹುದು. ಹಲ್ಲಿನ ವಿಷಯದಲ್ಲಿ ಹಾಗಾಗುವುದಿಲ್ಲ.

ಕ್ಲಿನಿಕ್‌ನವರ ಕಡೆಯಿಂದಲೂ ಒಂದು ಮಾತಿದೆ. ಸ್ಕ್ಯಾನರ್‌ಗೆ ಲಕ್ಷಗಟ್ಟಲೆ ಬೆಲೆ, ಅದನ್ನು ಹಾಕಿದವರು ಅವರು. ಒಪ್ಪಿದೆ. ಆದರೆ ಅಕೌಂಟೆನ್ಸಿ ಓದುವ ನಮಗೆ ಗೊತ್ತಿರುವಂತೆ, ಯಂತ್ರದ ಬೆಲೆ ಸವಕಳಿಯ ರೂಪದಲ್ಲಿ ವರ್ಷವರ್ಷವೂ ಖರ್ಚಿಗೆ ಸೇರುತ್ತದೆ, ಆ ಖರ್ಚು ಫೀಸಿನಲ್ಲೇ ವಸೂಲಾಗುತ್ತದೆ. ನಮ್ಮ ಪಾಲನ್ನು ನಾವು ಕಟ್ಟಿದ್ದೇವೆ. ಹಲ್ಲನ್ನು ಹೇಗೆ ಸರಿಸಬೇಕೆಂಬ ಯೋಜನೆ ಡಾಕ್ಟರ ವಿದ್ಯೆ, ಅದನ್ನು ಅವರೇ ಇಟ್ಟುಕೊಳ್ಳಲಿ. ನಾನು ಕೇಳುತ್ತಿರುವುದು ನಮ್ಮ ಬಾಯಿಯ ದಾಖಲೆ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯರಿಗಾಗಿ ಇರುವ 2002ರ ನಡಾವಳಿ ನಿಯಮಗಳು ಹೇಳುತ್ತವೆ. ಎಕ್ಸ್‌ರೇ ನಮ್ಮ ಕೈಗೆ ಬರುವಾಗ ಸ್ಕ್ಯಾನ್ ಏಕೆ ಬರಬಾರದು?

ಕೇಳುವ ಸಮಯ ಮೊದಲ ದಿನವೇ. ಆದರೆ ಅಂದು ಪರದೆಯ ಮೇಲೆ ನಮ್ಮ ಡೊಂಕು ಹಲ್ಲು ಅರ್ಧ ನಿಮಿಷದಲ್ಲಿ ನೇರವಾಗುವುದನ್ನು ತೋರಿಸುತ್ತಾರೆ. ಅದನ್ನು ನೋಡಿದ ಮೇಲೆ ಅಪ್ಪ ಅಮ್ಮನಿಗೂ ನಮಗೂ ಬೇರೇನೂ ಹೊಳೆಯುವುದಿಲ್ಲ! ನಿಜವಾದ ಹಲ್ಲಿಗೆ ಅದೇ ಕೆಲಸಕ್ಕೆ ಒಂದೂವರೆ ಎರಡು ವರ್ಷ ಹಿಡಿಯಬಹುದು, ಅಂದರೆ ಹೆಚ್ಚುಕಡಿಮೆ ಇಡೀ ಪಿಯುಸಿ. ದ್ವಿತೀಯ ಪಿಯುಸಿಯವರಲ್ಲಿ ಅನೇಕರು ಕ್ಲಿಪ್ ಇರುವಾಗಲೇ ಡಿಗ್ರಿಗೆಂದು ಬೇರೆ ಊರಿಗೆ ಹೋಗುತ್ತಾರೆ. ಅಂಥವರು ಟಿಸಿ, ಮಾರ್ಕ್ಸ್ ಕಾರ್ಡ್‌ಗೆ ಓಡಾಡುವ ಮೊದಲೇ ಒಂದು ಪೆನ್‌ಡ್ರೈವ್ ಹಿಡಿದು ಕ್ಲಿನಿಕ್‌ಗೆ ಹೋಗಿ, ಮೊದಲ ದಿನದ ಸ್ಕ್ಯಾನ್ ಮತ್ತು ಎಕ್ಸ್‌ರೇ ಎರಡನ್ನೂ ಕೇಳಿ. ಕೊಡಲ್ಲ ಅಂದರೆ ಏಕೆಂದು ಬರೆದು ಕೊಡಲು ಹೇಳಿ.