ಬಯಕೆಗೂ ಬೆಲೆಗೂ ನಡುವಣ ಅಂತರ

ವಾರದ ಸಂತೆಗೆ ಹೊರಟ ಗೃಹಸ್ಥನು ಬೇಕುಬೇಡಗಳನ್ನು ಮನೆಯಲ್ಲಿಯೇ ಎಣಿಸಿಕೊಂಡು ಹೊರಡುವನು. ಸರಕನ್ನು ಕೈಯಲ್ಲಿ ಹಿಡಿದು ನೋಡುವನು, ನಾಲ್ಕು ಕಡೆ ಬೆಲೆ ಕೇಳುವನು, ಚೌಕಾಸಿ ಮಾಡುವನು. ಕಡೆಗೆ ನೋಟುಗಳನ್ನು ಎಣಿಸಿ ಕೊಡುವಾಗಲೂ ಅವನ ಮನಸ್ಸು ಒಮ್ಮೆ ಹಿಂಜರಿಯುವುದು. ಬಯಕೆ ಹುಟ್ಟಿದ ಗಳಿಗೆಗೂ ಹಣ ಕೈಬಿಡುವ ಗಳಿಗೆಗೂ ನಡುವಣ ಈ ಅಂತರದಲ್ಲಿಯೇ ವಿವೇಕಕ್ಕೆ ಎಡೆಯಿರುತ್ತದೆ. ಅಂತರಜಾಲದ ಅಂಗಡಿಯು ಈ ಅಂತರವನ್ನೇ ಅಳಿಸಹೊರಟಿದೆ.

ಹಠಾತ್ ಖರೀದಿಯು ಹೊಸ ದೌರ್ಬಲ್ಯವೇನೂ ಅಲ್ಲ. ಜಾತ್ರೆಯ ಬೆಂಡುಬತ್ತಾಸು, ಬಳೆಯಂಗಡಿಗಳ ಮುಂದೆ ಮನಸ್ಸು ಜಾರದವರು ವಿರಳ. ಅಮೆರಿಕದ ಹಾಕಿನ್ಸ್ ಸ್ಟರ್ನ್ ಎಂಬಾತನು 1962ರಷ್ಟು ಹಿಂದೆಯೇ ಇಂತಹ ಖರೀದಿಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ಲೇಖನ ಬರೆದಿದ್ದನು. ಆದರೆ ಜಾತ್ರೆ ವರ್ಷಕ್ಕೊಮ್ಮೆ ಮುಗಿದುಹೋಗುತ್ತಿತ್ತು. ಅಂಗೈಯಲ್ಲಿನ ಜಾತ್ರೆಗೆ ಮುಕ್ತಾಯವೆಂಬುದಿಲ್ಲ.

ಈ ಮಾರ್ಪಾಡು ತಾನಾಗಿ ಆದುದಲ್ಲ. ಒಮ್ಮೆ ಒತ್ತಿದರೆ ಸಾಕು, ಖರೀದಿ ಮುಗಿಯುವಂತಹ ವಿಧಾನಕ್ಕೆ ಅಮೆಜಾನ್ ಸಂಸ್ಥೆಯು 1999ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದು, 2017ರವರೆಗೆ ಅದನ್ನು ತನ್ನ ಹಕ್ಕಾಗಿ ಕಾಪಾಡಿಕೊಂಡಿತು. ಎರಡನೆಯ ಯೋಚನೆಗೆ ಅವಕಾಶವಿಲ್ಲದಿರುವುದಕ್ಕೆ ಎಷ್ಟು ಬೆಲೆಯಿದೆಯೆಂಬುದು ಇದರಿಂದಲೇ ವಿದಿತವಾಗುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದಿಂದ ಆರಂಭವಾದ ಫ್ಲಿಪ್‌ಕಾರ್ಟ್ 2014ರ ಅಕ್ಟೋಬರ್ 6ರಂದು ಮಹಾರಿಯಾಯಿತಿಯ ದಿನವೊಂದನ್ನು ಸಾರಿದಾಗ, ಹತ್ತು ಗಂಟೆಗಳಲ್ಲಿ ಸುಮಾರು 600 ಕೋಟಿ ರೂಪಾಯಿಗಳ ವಹಿವಾಟಾಯಿತೆಂದು ಆ ಸಂಸ್ಥೆಯೇ ಪ್ರಕಟಿಸಿತು. 2016ರಲ್ಲಿ ಬಂದ ಯುಪಿಐ ವ್ಯವಸ್ಥೆಯು ನೋಟು ಎಣಿಸುವ ಶ್ರಮವನ್ನು ತಪ್ಪಿಸಿತು. 2022ರ ಯುಪಿಐ ಲೈಟ್ ಸಣ್ಣ ಮೊತ್ತಗಳಿಗೆ ಗುಪ್ತಸಂಖ್ಯೆಯ ಅಗತ್ಯವನ್ನೂ ತೆಗೆದುಹಾಕಿತು. ಒಂದೊಂದೂ ಸೌಕರ್ಯವೇ ಸರಿ. ಎಲ್ಲವೂ ಕೂಡಿದಾಗ ಹಿಂಜರಿಯಲು ಒಂದು ಮೆಟ್ಟಿಲೂ ಉಳಿಯುವುದಿಲ್ಲ.

ಈ ವ್ಯಾಪಾರದಿಂದ ಆಗಿರುವ ಉಪಕಾರವನ್ನು ಮರೆಯುವುದು ನ್ಯಾಯವಲ್ಲ. ಪುಸ್ತಕದಂಗಡಿಯಿಲ್ಲದ ಊರಿನ ವಿದ್ಯಾರ್ಥಿಗೆ ಪುಸ್ತಕ ದೊರಕುತ್ತಿದೆ. ನಡೆಯಲಾರದ ವೃದ್ಧರಿಗೆ ಮನೆಬಾಗಿಲಿಗೇ ಔಷಧಿ ಬರುತ್ತಿದೆ. ಆಕ್ಷೇಪಣೆಯಿರುವುದು ಆತುರವನ್ನು ಕೃತಕವಾಗಿ ಹುಟ್ಟಿಸುವ ಉಪಾಯಗಳ ಬಗ್ಗೆ. "ಎರಡೇ ಉಳಿದಿವೆ" ಎಂಬ ಸುಳ್ಳು ಎಚ್ಚರಿಕೆ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು, ಬೇಡವೆಂದವರನ್ನು ನಾಚಿಸುವ ಮಾತು — ಇವು ಸೇರಿದಂತೆ 13 ಬಗೆಯ ವಂಚನೆಯ ವಿನ್ಯಾಸಗಳನ್ನು ಭಾರತದ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೆಸರಿಸಿ ನಿಷೇಧಿಸಿತು. ಆದಕಾರಣ ತಪ್ಪೆಲ್ಲವನ್ನೂ ಕೊಳ್ಳುವವನ ಚಪಲತೆಯ ಮೇಲೆ ಹೊರಿಸುವುದು ಸಲ್ಲದು.

ಹಾನಿ ಹೆಚ್ಚಾಗಿ ತಟ್ಟುವುದು ಮೊದಲ ಸಂಬಳ ಪಡೆದ ತರುಣರಿಗೆ. ನಗರದ ಕೊಠಡಿಯಲ್ಲಿ ರಾತ್ರಿ ಹನ್ನೊಂದಕ್ಕೆ, ದಣಿದ ಮನಸ್ಸಿನ ಬೇಸರ ಕಳೆಯಲು ಕೊಂಡ ವಸ್ತುವಿನ ಕಂತು ತಿಂಗಳುಗಟ್ಟಲೆ ಬೆನ್ನು ಬಿಡದು. ಊರಿಗೆ ಕಳುಹಿಸಬೇಕಾದ ಹಣ ಅಷ್ಟರಮಟ್ಟಿಗೆ ಕರಗುವುದು. ಬಡ್ಡಿಯಿಲ್ಲದ ಕಂತೆಂಬ ಮಾತಿಗೆ ಮರುಳಾಗುವವರು, ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿದ್ದನ್ನು ನೆನೆಯಬೇಕು. ಆ ಬಡ್ಡಿಯು ಶುಲ್ಕದಲ್ಲಿಯೋ ಬಿಟ್ಟುಕೊಡದ ರಿಯಾಯಿತಿಯಲ್ಲಿಯೋ ಅಡಗಿರಬಹುದು.

ಶಾಲೆಯ ಕರ್ತವ್ಯ ಇಲ್ಲಿಯೇ ಆರಂಭವಾಗುತ್ತದೆ. ಲಾಭ-ನಷ್ಟ, ಸರಳಬಡ್ಡಿಗಳ ಲೆಕ್ಕ ಬಿಡಿಸುವ ಹತ್ತನೆಯ ತರಗತಿಯ ಬಾಲಕನಿಗೆ ಒಂದು ಮೊಬೈಲಿನ ಕಂತಿನ ಪತ್ರವನ್ನು ಕೊಟ್ಟು, ಬಡ್ಡಿ ಎಲ್ಲಿ ಅಡಗಿದೆಯೆಂದು ಹುಡುಕಿಸಿದರೆ ಆ ಪಾಠ ಬಾಳಿನುದ್ದಕ್ಕೂ ನೆಲೆಸೀತು. ಆರಿಸಿದ ವಸ್ತುವನ್ನು ಬುಟ್ಟಿಯಲ್ಲಿಯೇ ಒಂದು ರಾತ್ರಿ ಬಿಡುವ ಅಭ್ಯಾಸವನ್ನು ಮನೆಯ ಹಿರಿಯರು ತಾವೇ ಪಾಲಿಸಿ ಕಲಿಸಬಹುದು. ಬೆಳಗಾದ ಮೇಲೂ ಬೇಕೆನಿಸಿದ್ದನ್ನು ಧಾರಾಳವಾಗಿ ಕೊಳ್ಳಲಿ.

ಅಳಿದುಹೋದ ಅಂತರವನ್ನು ವ್ಯಾಪಾರಿಯು ಮರಳಿ ಕೊಡಲಾರ. ಕಾನೂನು ಸ್ವಲ್ಪಮಟ್ಟಿಗೆ ಕೊಡಬಹುದು. ಉಳಿದುದನ್ನು ಶಿಕ್ಷಣವು ಒದಗಿಸಬೇಕು. ಬೇಡವೆನ್ನಲು ಒಂದು ಗಳಿಗೆ ನಿಲ್ಲಬಲ್ಲ ಮನಸ್ಸು ಯಾವ ಪೇಟೆಯಲ್ಲಿಯೂ ದೊರೆಯುವ ಸರಕಲ್ಲ.